ಏರುಮಡಿಗಳೂ ದೊಡ್ಡಪ್ಪನ ಕಾಲುವೆಯೂ

ನಮ್ಮ ಗದ್ದೆಯ ಮಣ್ಣನ್ನು ಒಮ್ಮೆಯಾದರೂ ಬೈಯದೆ ಊಟಕ್ಕೆ ಕೂತರೆ ನನಗೆ ಅನ್ನ ಇಳಿಯುವುದಿಲ್ಲ. ಅಪ್ಪಟ ಜೇಡಿ. ಮಳೆಗಾಲದಲ್ಲಿ ಕಾಲಿಂದ ಚಪ್ಪಲಿ ಕಿತ್ತುಕೊಳ್ಳುತ್ತದೆ. ಬೇಸಿಗೆಯಲ್ಲಿ ಹಾರೆ ಹಾಕಿದರೆ ಠಣ್ ಎಂದು ವಾಪಸು ಕಳಿಸುತ್ತದೆ. ಈ ಎರಡರ ನಡುವೆ ಕೆಲವೇ ದಿನ ಒಳ್ಳೆಯವರ ಮನೆಯ ಮಣ್ಣಿನ ಹಾಗೆ ಪುಡಿಪುಡಿಯಾಗಿ ನಟಿಸುತ್ತದೆ. ಆ ದಿನಗಳಲ್ಲೇ ನನಗೆ ಮೈಕಿನ ಕೆಲಸ ಬಂದಿರುತ್ತದೆ.

ಸಾಗರದ ಒಂದು ಅಂಗಡಿಯಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಾರೆ. ಅದರ ಹಿಂದೆ ವೈರು ಹೊತ್ತುಕೊಂಡು ಹೋಗುವವನು ನಾನು. ಸಾಗರ, ಹೊಸನಗರ, ತೀರ್ಥಹಳ್ಳಿ, ಎಲ್ಲಿ ಮದುವೆಯೋ ಅಲ್ಲಿ. ಕೇಳಿದ ದನಿಗಳೆಲ್ಲ ನನ್ನ ಗಂಟಲಲ್ಲಿ ಬಂದು ಕೂರುತ್ತವೆ. ಬಸ್ ಕಂಡಕ್ಟರು, ದನದ ಡಾಕ್ಟರು, ಮೂಗಿನಲ್ಲೇ ಆಶೀರ್ವಾದ ಮಾಡುವ ಹಿರಿಯರು, ಯಾರನ್ನು ಬೇಕಾದರೂ ಮಾಡಿ ತೋರಿಸುತ್ತೇನೆ. ನನ್ನನ್ನೂ ಮಾಡುತ್ತೇನೆ: ಬೆಂಡೆಗಿಡದ ಹಾಗೆ ಉದ್ದಕ್ಕೆ ಬೆಳೆದು, ಗುದ್ದಲಿ ಎತ್ತಿದ ಕೂಡಲೇ ಅದರ ಜೊತೆ ತಾನೂ ಹಿಂದಕ್ಕೆ ವಾಲುವ ಗಂಡಸು. ಮಳೆಗಾಲದಲ್ಲಿ ಮದುವೆಗಳಿಲ್ಲ, ಮೈಕು ಮೂಲೆಯಲ್ಲಿ. ಆ ಖಾಲಿ ತಿಂಗಳುಗಳಲ್ಲಿ ಗದ್ದೆಯಲ್ಲಿ ತರಕಾರಿ ಬೆಳೆಯುತ್ತೇನೆ ಎಂದು ನಾನು ಹೊರಟದ್ದು ಆಸೆಯಿಂದಲ್ಲ, ಸಿಟ್ಟಿನಿಂದ.

ಸಿಟ್ಟು ದೊಡ್ಡಪ್ಪನ ಮೇಲೆ.

ಅಜ್ಜನ ಕಾಲದಲ್ಲಿ ನಮ್ಮದು ಗೇಣಿ ಗದ್ದೆ. ನೆಲ ಬೇರೆಯವರದು, ಕಾಲು ನಮ್ಮದು. ಕಾನೂನು ಬಂದ ಮೇಲೆ ನೆಲವೂ ನಮ್ಮದಾಯಿತು. ಅಜ್ಜ ಹೋದ ಮೇಲೆ ಪಾಲಾಗಿ, ಮೇಲಿನ ಗದ್ದೆಗಳು ದೊಡ್ಡಪ್ಪನಿಗೂ ಕೆಳಗಿನವು ಅಪ್ಪನಿಗೂ ಬಂದವು. ಇಬ್ಬರೂ ಭತ್ತ ಬೆಳೆಯುತ್ತಿದ್ದಷ್ಟು ಕಾಲ ಅದರಲ್ಲಿ ತೊಂದರೆ ಇರಲಿಲ್ಲ. ಮೇಲಿನ ಗದ್ದೆ ಕುಡಿದು ಬಿಟ್ಟ ನೀರನ್ನು ಕೆಳಗಿನ ಗದ್ದೆ ಕುಡಿಯುತ್ತಿತ್ತು. ಆಮೇಲೆ ದೊಡ್ಡಪ್ಪನಿಗೆ ಅಡಿಕೆಯ ಹುಚ್ಚು ಹಿಡಿಯಿತು. ಗದ್ದೆಗೇ ಸಸಿ ಇಟ್ಟರು. ಅಡಿಕೆಯ ಬುಡದಲ್ಲಿ ನೀರು ನಿಲ್ಲಬಾರದು ಅಂತ ಯಂತ್ರ ತರಿಸಿ ಆಳವಾದ ಬಸಿಗಾಲುವೆ ತೋಡಿಸಿದರು. ಕಾಲುವೆಯ ಬಾಯಿಯನ್ನು ಪಕ್ಕದ ಹಳ್ಳಕ್ಕೆ ಬಿಡಬಹುದಿತ್ತು. ಆದರೆ ಹಾಗೆ ಬಿಡಬೇಕೆಂದರೆ ಕಾಲುವೆ ಅವರದೇ ನೆಲದಲ್ಲಿ ಓರೆಯಾಗಿ ಹೋಗಬೇಕು, ಒಂದು ಸಾಲು ಸಸಿಗೆ ಜಾಗ ಹೋಗುತ್ತದೆ. ಆದ್ದರಿಂದ ನೇರವಾಗಿ ನಮ್ಮ ಗದ್ದೆಗೆ ಬಿಟ್ಟರು.

ಆ ಮಳೆಗಾಲ ಅಪ್ಪನ ನಾಟಿ ಕೊಚ್ಚಿಹೋಯಿತು. ಮರುವರ್ಷ ಮತ್ತೆ ನೆಟ್ಟ, ಮತ್ತೆ ಹೋಯಿತು. ಅಪ್ಪ ಭತ್ತವನ್ನೇ ಬಿಟ್ಟ. ಅಣ್ಣನಿಗೆ ಮಾತ್ರ ಒಂದು ಮಾತು ಹೇಳಲಿಲ್ಲ.

"ಹೇಳು ಮಾರಾಯ, ಬಾಯಿಲ್ವಾ ನಿಂಗೆ?" ಅಂತ ನಾನು ಕೇಳಿದರೆ, "ಅಣ್ಣ ಅಲ್ವೇನೋ" ಅನ್ನುತ್ತಿದ್ದ. ಅದೊಂದೇ ಉತ್ತರ.

ಅಪ್ಪನಿಗೆ ಎಲ್ಲಕ್ಕಿಂತ ನೋವಾದದ್ದು ಭೂಮಿ ಹುಣ್ಣಿಮೆಗೆ. ನಮ್ಮಲ್ಲಿ ಆ ಹೊತ್ತಿಗೆ ಭತ್ತದ ಗದ್ದೆ ಬಸುರಿ, ಅವಳ ಬಯಕೆ ತೀರಿಸಬೇಕು. ಹಿತ್ತಲಲ್ಲಿ ಬೆಳೆದ ಸೊಪ್ಪು ತರಕಾರಿಯನ್ನೆಲ್ಲ ಬೇಯಿಸಿ, ಚಿತ್ತಾರ ಬರೆದ ಬುಟ್ಟಿಯಲ್ಲಿ ಹೊತ್ತು ಗದ್ದೆಗೆ ಹೋಗಿ ಬಡಿಸುತ್ತೇವೆ. ಒಂದು ಪಾಲು ಮಣ್ಣಿನಲ್ಲಿ ಹೂಳುತ್ತೇವೆ. ಉಳಿದದ್ದನ್ನು ಅಲ್ಲೇ ಕೂತು ಉಣ್ಣುತ್ತೇವೆ. ನಮ್ಮ ಗದ್ದೆ ಖಾಲಿ ಬಿದ್ದ ವರ್ಷ ದೊಡ್ಡಪ್ಪ ಹೇಳಿ ಕಳಿಸಿದರು: "ನಮ್ಮ ತೋಟಕ್ಕೇ ಬನ್ನಿ, ಎಲ್ಲಾ ಒಂದೇ ಅಲ್ದಾ." ಹೋದೆವು. ಅಪ್ಪ ಅಡಿಕೆ ಸಸಿಯ ಬುಡದಲ್ಲಿ ಕೂತು, ಬೇರೆ ಯಾರದೋ ಹೆಂಡತಿಯ ಸೀಮಂತಕ್ಕೆ ಬಂದವನ ಹಾಗೆ ಎಲೆ ನೋಡುತ್ತ ಉಂಡು ಬಂದ. ಬಂದವನು ಖಾಲಿ ಗದ್ದೆಯ ಅಂಚಿನಲ್ಲಿ ನಿಂತು, "ಇನ್ನೊಂದ್ಸಲ ನಾಟಿ ಮಾಡ್ಬೇಕು" ಅಂದ. ಯಾರಿಗೆ ಹೇಳಿದನೋ. ಕೇಳಿಸಿಕೊಳ್ಳಬೇಕಾದವರು ಮಾತ್ರ ಅಲ್ಲಿರಲಿಲ್ಲ.

ನನಗೆ ತಡೆಯಲಾಗಲಿಲ್ಲ. ಗದ್ದೆ ಹಾಳು ಬಿಟ್ಟರೆ ತಾನೇ ಅದು ದೊಡ್ಡಪ್ಪನ ಚರಂಡಿ? ಅಲ್ಲಿ ಏನಾದರೂ ಬೆಳೆದು ತೋರಿಸುತ್ತೇನೆ ಅಂದುಕೊಂಡೆ. ಬೇಸಿಗೆಯಲ್ಲಿ ಫೋನಿನಲ್ಲಿ ಒಬ್ಬ ಮಹಾನುಭಾವನ ವಿಡಿಯೋ ನೋಡಿದೆ. "ನಮಸ್ಕಾರಾ ರೈತ ಬಾಂಧವರೇ, ಜೇಡಿಮಣ್ಣಿಗೆ ಹೆದರಬೇಡಿ, ಮರಳು ಸೇರಿಸಿ, ಮಜಾ ನೋಡಿ!" ಈ ದನಿಯನ್ನು ನಾನು ಈಗಲೂ ಚೆನ್ನಾಗಿ ಮಾಡುತ್ತೇನೆ, ಮಾಡುವಾಗ ಹಲ್ಲು ಕಡಿಯುತ್ತೇನೆ. ಮನೆ ಕಟ್ಟಿದಾಗ ಉಳಿದಿದ್ದ ಮರಳನ್ನೆಲ್ಲ ಹೊತ್ತು ಸುರಿದೆ, ನೀರು ಹಾಕಿ ಕಲಸಿದೆ. ಎರಡು ಬಿಸಿಲಿಗೆ ಅದು ಎಂಥ ನೆಲವಾಯಿತೆಂದರೆ ಮೇಲೆ ಭತ್ತ ಬಡಿಯಬಹುದಿತ್ತು. ಬಡಿಯಲು ಭತ್ತ ಇರಲಿಲ್ಲ, ಅಷ್ಟೇ.

"ಮಜಾ ನೋಡಿದ್ಯಾ?" ಅಂತ ಅಮ್ಮ ಕೇಳಿದಳು. ಆ ವಿಡಿಯೋದವನ ದನಿಯಲ್ಲೇ. ನನಗೆ ಈ ಕಲೆ ಎಲ್ಲಿಂದ ಬಂತು ಅಂತ ಯಾರೂ ಕೇಳಬೇಕಾಗಿಲ್ಲ.

ಮರ್ಯಾದೆ ಹೋದವನು ಮಾಡುವ ಕೆಲಸವನ್ನೇ ಮಾಡಿದೆ. ಇನ್ನೂ ದೊಡ್ಡ ಆಯುಧ ತಂದೆ. ಪಿಕಾಸಿಯಲ್ಲಿ ಅಗೆಯುತ್ತ ಹೋದರೆ ಒಂದು ಗೇಣಿನ ಕೆಳಗೆ ಬೇರೆಯೇ ಪದರ. ನೀಲಿ ಛಾಯೆಯ, ಒತ್ತಿ ಒತ್ತಿ ಕಲ್ಲಾದ ಜೇಡಿ. ಮೇಲೆ ಬಿದ್ದ ನೀರು ಅದನ್ನು ದಾಟಿ ಇಳಿಯುವುದೇ ಇಲ್ಲ. ಸಿಕ್ಕಿಬಿದ್ದ ಕಳ್ಳ ಅಂದುಕೊಂಡು ಪಿಕಾಸಿ ಎತ್ತಿದೆ.

"ಅದನ್ನ ಕೆಳಗಿಡು."

ಅಪ್ಪ ಹಿಂದೆ ನಿಂತಿದ್ದ. ಅಂಥ ದನಿ ಅವನಲ್ಲಿ ಇದೆಯೆಂದೇ ನನಗೆ ಗೊತ್ತಿರಲಿಲ್ಲ.

"ಯಾಕೆ?"

"ತಳ ಒಡೀತಿದೀಯ."

"ಒಡೀಲಿ ಅಂತ್ಲೇ ಒಡೀತಿರೋದು. ನೀರು ಕೆಳಗಿಳೀಬೇಕಲ್ಲ ಮಾರಾಯ!"

"ನೀರು ಕೆಳಗಿಳಿದ್ರೆ ಅದು ಗದ್ದೆ ಆಗ್ತದೇನೋ? ನಮ್ಮಪ್ಪ, ಅವನಪ್ಪ, ಎತ್ತು, ಎಲ್ಲಾ ಸೇರಿ ತುಳಿದು ತುಳಿದು ಮಾಡಿದ್ದು ಅದು. ಒಂದ್ಸಲ ತೂತು ಬಿತ್ತು ಅಂದ್ರೆ ಮುಗೀತು. ನಾಳೆ ನಾಟಿ ಮಾಡಿದ್ರೆ ನೀರು ನಿಲ್ಲಲ್ಲ."

"ನಾಳೆ ನಾಟಿ? ಯಾವ ನಾಳೆ? ನಿಮ್ಮಣ್ಣನ ಕಾಲುವೆ ಬತ್ತಿದ ನಾಳೆಯಾ?"

ಅಪ್ಪ ಬಂದು ನಾನು ಅಗೆದ ಗುಂಡಿಯಲ್ಲಿ ಕೂತುಬಿಟ್ಟ. ಲುಂಗಿ ಮಡಚಿಕೊಂಡು, ಬಸ್ಸಿಗೆ ಕಾಯುವವನ ಹಾಗೆ ನೆಮ್ಮದಿಯಾಗಿ. ನಾನು ಕೂಗಾಡಿದೆ. ಆ ತಳವನ್ನು ಮಾಡಿದವರ ವಂಶವನ್ನೆಲ್ಲ ಬೈದೆ. ಬೈಯುತ್ತಿರುವುದು ನನ್ನದೇ ವಂಶ ಅಂತ ನಡುವೆ ಹೊಳೆದರೂ ನಿಲ್ಲಿಸಲಿಲ್ಲ. ಅವನು ಕೂತೇ ಇದ್ದ. ಅಣ್ಣನಿಗೆ ಎದುರಾಡದ ಮನುಷ್ಯ ನನ್ನೆದುರು ಮಾತ್ರ ಹಟ ಹಿಡಿದು ಕೂತದ್ದು ನನಗೆ ಮೈಯೆಲ್ಲ ಉರಿಸಿತು.

ಕೊನೆಗೆ ಅಮ್ಮ ಬಂದು ಇಬ್ಬರಿಗೂ ಬೈದಳು. "ಒಬ್ಬ ಕೆಳಗೆ ಹೋಗ್ಬೇಕು ಅಂತಾನೆ, ಒಬ್ಬ ಹೋಗ್ಬಾರ್ದು ಅಂತಾನೆ. ಮೇಲೆ ಹೋಗಿ! ಮಳೆಗಾಲದಾಗೆ ಬದನೆ ನಾನು ಏರಿ ಹಾಕ್ದೆ ನೆಡ್ತೀನಾ? ತಳ ಇದ್ದಲ್ಲೇ ಇರ್ಲಿ, ಅದರ ಮೇಲೆ ಮಣ್ಣು ಏರ್ಸಿ."

ಹೀಗೆ ಏರುಮಡಿಗಳಾದವು. ಬಿದ್ದುಹೋಗಿದ್ದ ಹಳೆಯ ಕೊಟ್ಟಿಗೆಯ ಜಂಬಿಟ್ಟಿಗೆ ಕಲ್ಲುಗಳನ್ನು ಸುತ್ತ ಜೋಡಿಸಿದೆ. ಆಚೆ ಈಚೆ ನಿಂತರೆ ಮಡಿಯ ನಡುವಿಗೆ ಕೈ ಎಟುಕುವಷ್ಟೇ ಅಗಲ. ಒಳಗೆ ಒಂದು ಪದರ ದರಗು, ಅಂದರೆ ಬೆಟ್ಟದಿಂದ ಗುಡಿಸಿ ತಂದ ಒಣಗಿದೆಲೆ. ಅದರ ಮೇಲೆ ಕೊಟ್ಟಿಗೆ ಗೊಬ್ಬರ. ಆಮೇಲೆ ಗದ್ದೆಯ ಜೇಡಿಯನ್ನೇ ಒಣಗಿದಾಗ ಕುಟ್ಟಿ, ಅಕ್ಕಿ ಗಿರಣಿಯಿಂದ ತಂದು ಸುಟ್ಟು ಕರಿಕು ಮಾಡಿದ ಭತ್ತದ ಹೊಟ್ಟು ಬೆರೆಸಿ ಹಾಕಿದ್ದು. ಮತ್ತೆ ದರಗು, ಮತ್ತೆ ಗೊಬ್ಬರ. ಕೈಯೆಲ್ಲ ಬೊಬ್ಬೆ. ಜೇಡಿಯ ಹೆಂಟೆ ಕುಟ್ಟುವಾಗ ಪ್ರತಿ ಹೆಂಟೆಗೂ ದೊಡ್ಡಪ್ಪನ ಮುಖ ಇಟ್ಟುಕೊಂಡಿದ್ದೆ, ಇಲ್ಲದಿದ್ದರೆ ಅಷ್ಟು ನುಣ್ಣಗೆ ಪುಡಿಯಾಗುತ್ತಿರಲಿಲ್ಲ.

ಮಳೆಗಾಲ ಹಿಡಿಯುವ ಮೊದಲು ಒಂದು ಜೋರು ಮಳೆ ಬಿತ್ತು. ಬೀಜ ಹಾಕೋಣವೆಂದು ಬೆಳಿಗ್ಗೆ ಹೋದರೆ ಅಪ್ಪ ಮಡಿಯ ಮೇಲಿದ್ದ. ಕೈ ಹಿಂದಕ್ಕೆ ಕಟ್ಟಿ, ಹಿಮ್ಮಡಿ ಒತ್ತಿ ಒತ್ತಿ, ಒಂದೊಂದೇ ಹೆಜ್ಜೆ. ನಾಟಿಗೆ ಗದ್ದೆ ಹದ ಮಾಡುವ ನಡಿಗೆ. ಒಂದು ಮಡಿ ಮುಗಿಸಿ ಎರಡನೆಯದಕ್ಕೆ ಏರಿದ್ದ.

"ಅಪ್ಪಾ! ಎಂತ ಮಾಡ್ತಿದೀಯ?"

"ಹದ ಮಾಡ್ತಿದೀನಿ. ಎಲ್ಲಾ ಬುಸುಬುಸು ಇತ್ತು."

"ಬುಸುಬುಸು ಇರ್ಲಿ ಅಂತ್ಲೇ ಬೇಸಿಗೆ ಪೂರ್ತಿ ಸತ್ತಿದೀನಿ ನಾನು! ಒಳಗೆ ಗಾಳಿ ಆಡ್ಬೇಕು. ನೀನು ತುಳಿದ್ರೆ ಮತ್ತೆ ಇಟ್ಟಿಗೆ ಆಗ್ತದೆ!"

ಅಪ್ಪ ತನ್ನ ಕಾಲನ್ನೇ ನೋಡಿಕೊಂಡ. "ಕೆಸರು ಸಿಕ್ತು ನೋಡು, ಕಾಲು ನಿಲ್ಲಲಿಲ್ಲ" ಅಂದ. ನೆವ ಹೇಳುವ ದನಿಯಲ್ಲ. ಅವನಿಗೇ ಆಶ್ಚರ್ಯವಾಗಿತ್ತು.

ನನಗೆ ಅಳು ಬರುವಷ್ಟು ಕೋಪ ಬಂತು. ಬಂದ ಕೋಪಕ್ಕೆ ನಾನೂ ಕೈ ಹಿಂದಕ್ಕೆ ಕಟ್ಟಿ, ಮಡಿಯ ಪಕ್ಕದಲ್ಲಿ ಅವನ ಹಾಗೆಯೇ ಹಿಮ್ಮಡಿ ಒತ್ತಿ ನಡೆದು ತೋರಿಸಿದೆ. ಕತ್ತು ಓರೆ, ಬಾಯಲ್ಲಿ ಇಲ್ಲದ ಎಲೆಯಡಿಕೆ. ಜಗಲಿಯಲ್ಲಿದ್ದ ಅಮ್ಮ ಕಂಬ ಹಿಡಿದುಕೊಂಡು ನಕ್ಕಳು.

"ನಾನು ಹಂಗೆ ನಡೀತೀನಾ?" ಅಂತ ಅಪ್ಪ ಕೇಳಿದ.

"ಹಂಗೇ ನಡೀತೀರಿ" ಅಂದಳು ಅಮ್ಮ.

ತುಳಿದ ಮಡಿಗಳನ್ನು ಒಣಗಲು ಬಿಟ್ಟು, ಮತ್ತೆ ಕುಟ್ಟಿ, ಮತ್ತೆ ತುಂಬಿದೆ. ಮಡಿಗಳ ನಡುವೆ ನಡೆಯಲು ಹಲಗೆ ಹಾಸಿ, "ಇದರಿಂದ ಇಳಿದ್ರೆ ಕಾಲು ಕಡೀತೀನಿ" ಅಂತ ಅಪ್ಪನಿಗೆ ಹೇಳಿದೆ. ಸ್ವಂತ ಗದ್ದೆಯಲ್ಲಿ ಅವನು ಹಲಗೆಯ ಮೇಲೆ ನಡೆಯುವುದನ್ನು ನೋಡಿದರೆ ಪಕ್ಕದವರ ಮನೆಗೆ ಹೊಸದಾಗಿ ಬಂದ ಅಳಿಯನ ಹಾಗೆ ಕಾಣುತ್ತಿತ್ತು.

ಬೀಜ ಹಾಕಿದ ವಾರದಲ್ಲೇ ದೊಡ್ಡಪ್ಪ ತೋಟಕ್ಕೆ ಹೋಗುವವರು ಅಂಚಿನ ಮೇಲೆ ನಿಂತರು. ಪ್ರತಿ ಮಾತಿಗೂ ಮೊದಲು ಒಂದು "ಹ್ಞಾಂ" ಹಾಕುವುದು ಅವರ ಕ್ರಮ. ಜೊತೆಗೆ ಇಬ್ಬರು ಕೆಲಸದವರಿದ್ದರು, ಆದ್ದರಿಂದ ದನಿ ದೊಡ್ಡದೇ ಇತ್ತು.

"ಹ್ಞಾಂ, ಎಂತ ಮಾರಾಯ ಇದು? ಉದ್ದಕ್ಕೆ ಗುಡ್ಡೆ ಗುಡ್ಡೆ. ಯಾರ್ಯಾರನ್ನ ಹೂತಿದೀಯ?"

"ಇನ್ನೂ ಯಾರನ್ನೂ ಇಲ್ಲ ದೊಡ್ಡಪ್ಪ. ನಿಮ್ಮಳತೆಗೆ ಒಂದು ಖಾಲಿ ಇಟ್ಟಿದೀನಿ."

ಕೆಲಸದವರು ಆಕಾಶ ನೋಡಿದರು. ದೊಡ್ಡಪ್ಪ ನನ್ನನ್ನು ಬಿಟ್ಟು, ಹಲಗೆಯ ಮೇಲೆ ನಿಂತಿದ್ದ ಅಪ್ಪನನ್ನು ನೋಡಿದರು. ಅಪ್ಪ ತಲೆ ಬಗ್ಗಿಸಿದ. ಆ ಬಗ್ಗಿದ ತಲೆ ನೋಡಿ ನನಗಾದ ಸಿಟ್ಟಿನ ಮುಂದೆ ಗೋರಿಯ ಮಾತು ಏನೂ ಅಲ್ಲ. ಕೊಚ್ಚಿಹೋದದ್ದು ಇವನ ನಾಟಿ, ತಲೆ ತಗ್ಗಿಸಿದವನೂ ಇವನೇ.

ಮಳೆ ಹಿಡಿಯಿತು. ಮೇಲಿನ ತೋಟದ ನೀರೆಲ್ಲ ಕಾಲುವೆಯಲ್ಲಿ ಒಟ್ಟಾಗಿ, ಲಿಂಗನಮಕ್ಕಿಯ ಗೇಟು ತೆಗೆದ ಹಾಗೆ ಗದ್ದೆಗೆ ನುಗ್ಗಿತು. ಮಡಿಗಳು ಕೆಂಪು ನೀರಿನ ನಡುವೆ ತೆಪ್ಪಗಳ ಹಾಗೆ ನಿಂತವು. ಬಹಳಷ್ಟು ಉಳಿದವು, ಅಮ್ಮ ಹೇಳಿದ್ದು ಸರಿಯಾಗಿತ್ತು. ಆದರೆ ಕಾಲುವೆಯ ಬಾಯಿಗೆ ಎದುರಾಗಿದ್ದ ಎರಡು ಮಡಿ ಕಲ್ಲು ಸಮೇತ ಹೋದವು. ಅವುಗಳ ಮೇಲಿದ್ದ ಅಲಸಂಡೆ ಆಗಷ್ಟೇ ಬಳ್ಳಿ ಹಬ್ಬಿಸಲು ಕೋಲು ಹುಡುಕುತ್ತಿತ್ತು. ಬೆಳಿಗ್ಗೆ ನೋಡಿದರೆ ಜೇಡಿ ಕೊಚ್ಚೆ, ಅದರ ಮೇಲೆ ಕಾಲುವೆಯಿಂದ ತೇಲಿಬಂದ ಒಂದು ಗುಟ್ಕಾ ಚೀಟಿ.

ಆ ಚೀಟಿಯನ್ನು ಹಿಡಿದುಕೊಂಡೇ ದೊಡ್ಡಪ್ಪನ ಮನೆಗೆ ಹೋದೆ. ಅವರು ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದರು.

"ನಿಮ್ಮ ನೀರು ನಮ್ಮ ಮಡಿ ತಗಂಡು ಹೋತು."

"ಹ್ಞಾಂ, ನೀರು ತಗ್ಗಿಗೆ ಹೋಗ್ತದೆ. ನಾನೇನು ಹೇಳಿ ಕಳಿಸ್ಲಾ?"

"ಮತ್ತೆ ಹಳ್ಳ ಎತ್ತರದಾಗಿದ್ಯಾ? ಒಂದು ಸಾಲು ಸಸಿ ಉಳಿಸೋಕೆ ಹೋಗಿ ಅಪ್ಪನ ಗದ್ದೆ ಮುಳುಗಿಸಿದ್ದೀರಿ."

"ನಿಮ್ಮಪ್ಪನೇ ಒಂದು ದಿನ ಹೇಳಿಲ್ಲ. ನೀನ್ಯಾರು ಮಧ್ಯ?"

ನನಗೆ ಬರುವುದನ್ನೇ ಮಾಡಿದೆ. ನಿಂತಲ್ಲೇ ಹೊಟ್ಟೆ ಮುಂದಕ್ಕೆ ಬಿಟ್ಟು, ಅವರದೇ ದನಿಯಲ್ಲಿ ಅಂದೆ: "ಹ್ಞಾಂ, ತಮ್ಮ ಒಳ್ಳೆಯವ್ನು. ಹ್ಞಾಂ, ಬಾಯಿ ಬಿಡಲ್ಲ. ಹ್ಞಾಂ, ಅವನ ತಲೆ ಮೇಲೆ ಕಾಲುವೆ ಬಿಟ್ರೂ ಸೊಂಪಾಗಿ ಬೆಳೀತಾನೆ."

ಒಳಗೆ ದೊಡ್ಡಮ್ಮ ಕಿಸಕ್ಕನೆ ನಕ್ಕಿದ್ದು ಕೇಳಿತು. ಕೂಡಲೇ ಯಾವುದೋ ಪಾತ್ರೆ ಕೆಡವಿ ನಗುವನ್ನು ಮುಚ್ಚಿಕೊಂಡರು. ದೊಡ್ಡಪ್ಪ ಎದ್ದು ನಿಂತು, "ಮಂಗ! ಹೊರಗೆ ನಡಿ" ಅಂದರು. ನಡೆದೆ.

ಸುದ್ದಿ ನನಗಿಂತ ಮೊದಲೇ ಮನೆಗೆ ಬಂದಿತ್ತು. "ಹೋಗಿ ತಪ್ಪಾಯ್ತು ಅನ್ನು" ಅಂದ ಅಪ್ಪ.

"ಯಾರು, ಯಾರಿಗೆ?"

"ನೀನು, ಅಣ್ಣಂಗೆ."

"ಆಗಲ್ಲ. ಆಡ್ಬೇಕಾದ ಮಾತು ನೀನು ಆಡಿದ್ರೆ ನಾನು ಅವರ ದನೀಲಿ ಆಡ್ಬೇಕಿತ್ತಾ? ಊರವರ ದನಿ ಎಲ್ಲಾ ಬರ್ತದೆ ನಂಗೆ. ನಿಂದು ಮಾಡೋಣ ಅಂದ್ರೆ ಮಾಡೋಕೇ ಏನೂ ಇಲ್ಲ. ಬಾಯಿ ಮುಚ್ಕಂಡು ನಿಂತ್ರೆ ಆತು!"

ಆಮೇಲೆ ನಾವು ಮಾತು ಬಿಟ್ಟೆವು. ಆ ಮಳೆಗಾಲವೆಲ್ಲ ಅಮ್ಮನ ಮೂಲಕವೇ ವ್ಯವಹಾರ. "ಸೌತೆಗೆ ಹುಳ ಬಿದ್ದಿದೆಯಂತೆ ಅನ್ನು ಅವಂಗೆ." "ಗೊತ್ತಂತೆ ಅನ್ನು ಅವರಿಗೆ." ಅಮ್ಮ ಎರಡೂ ಕಡೆಯ ದನಿಯನ್ನು ಅಣಕಿಸುತ್ತ ತಲುಪಿಸುತ್ತಿದ್ದಳು. ಮಡಿಗಳು ಮಾತ್ರ ನಮ್ಮ ಮುನಿಸಿಗೆ ಕಾಯಲಿಲ್ಲ. ದರಗು ಕೊಳೆತು, ಎರೆಹುಳು ಬಂದು, ಆ ಹಾಳು ಜೇಡಿ ಕೈಯಲ್ಲಿ ಹಿಡಿದರೆ ಉದುರುವ ಮಣ್ಣಾಗುತ್ತ ಬಂತು. ಬೆಂಡೆ ನನ್ನಷ್ಟೆತ್ತರ ಬೆಳೆಯಿತು. ಹೀರೆ ಚಪ್ಪರ ತುಂಬಿತು. ಹರಿವೆಯ ಕೆಂಪು ದೊಡ್ಡಪ್ಪನ ತೋಟಕ್ಕೂ ಕಾಣುತ್ತಿತ್ತು. ಕಾಣಲಿ ಅಂತಲೇ ಆ ಬದಿಗೆ ಹಾಕಿದ್ದೆ.

ಭೂಮಿ ಹುಣ್ಣಿಮೆಯ ಹಿಂದಿನ ದಿನ ದೊಡ್ಡಮ್ಮ ಬಂದರು. ಅಂಗಳದಲ್ಲಿ ನಿಂತು ಅಮ್ಮನಿಗೆ ಹೇಳಿದರು: "ಹೀರೇಕಾಯಿ, ಹರಿವೆ ಸೊಪ್ಪು ಸ್ವಲ್ಪ ಕೊಡ್ತೀಯೇನೇ? ನಮ್ಮಲ್ಲಿ ಅಡಿಕೆ ಬಿಟ್ರೆ ಒಂದು ಎಸಳಿಲ್ಲ. ಸಾಗರದ ಪೇಟೆ ತರಕಾರಿ ಭೂಮಿಗೆ ಹೆಂಗೆ ಬಡಿಸೋದು? ನಾಳೆ ನೀವೂ ತೋಟಕ್ಕೇ ಬನ್ನಿ ಅಂದಿದಾರೆ."

"ಒಂದು ಕಡ್ಡಿ ಕೊಡ್ಬೇಡ" ಅಂದೆ ನಾನು.

"ಭೂಮಿ ಬಯಕೆಗೆ ಕೇಳಿದ್ದು, ಇಲ್ಲ ಅನ್ನೋಕೆ ಆಗ್ತದೇನೋ?" ಅಂದಳು ಅಮ್ಮ.

ಜಗಲಿಯ ತುದಿಯಲ್ಲಿ ಅಡಿಕೆ ಕತ್ತರಿಸುತ್ತಿದ್ದ ಅಪ್ಪ ತಲೆಯೆತ್ತದೆ ಮಾತಾಡಿದ. "ಎಷ್ಟು ಬೇಕೋ ಕೊಡು. ಆದ್ರೆ ಅತ್ತಿಗೆ, ನಾವು ತೋಟಕ್ಕೆ ಬರಲ್ಲ. ಈ ಸಲ ನಮ್ಮ ಗದ್ದೆಲೇ ಹುಣ್ಣಿಮೆ. ಅಣ್ಣನ್ನ ಇಲ್ಲಿಗೇ ಬರಾಕೆ ಹೇಳಿ."

ನನಗೆ ಅವನ ಮಾತು ಕೇಳಿದ ಮೇಲೂ ಅವನ ಬಾಯಿಯೇ ಆಡಿದ್ದೆಂದು ನಂಬಿಕೆಯಾಗಲಿಲ್ಲ.

ದೊಡ್ಡಪ್ಪ ಬಂದರು. ಹಿರಿಯರು ಬರದೆ ಹುಣ್ಣಿಮೆ ಹೇಗಾಗುತ್ತದೆ ಎಂಬ ಧೈರ್ಯದಲ್ಲೇ, ಬಿಸಿಲೇರುವ ಹೊತ್ತಿಗೆ. ಅಮ್ಮ ಚಿತ್ತಾರದ ಬುಟ್ಟಿ ಇಳಿಸಿದ್ದಳು. ಅಪ್ಪ ಮಡಿಗಳಿಗೆ ಹೂವೇರಿಸಿ ಪೂಜೆ ಮುಗಿಸಿ, ಎಡೆಯ ಒಂದು ಪಾಲು ಹೂಳಲು ಜಾಗ ನೋಡುತ್ತಿದ್ದ.

"ಹ್ಞಾಂ, ಭತ್ತವೇ ಇಲ್ಲ" ಅಂದರು ದೊಡ್ಡಪ್ಪ, ನಗುತ್ತ. "ಭತ್ತ ಇಲ್ಲದ ಗದ್ದೆಗೆ ಎಂತ ಬಯಕೆ?"

ಅಪ್ಪ ಎದ್ದು ನಿಂತ. ಕೈಯಲ್ಲಿ ಎಡೆಯ ಎಲೆ. "ಭತ್ತ ಯಾಕಿಲ್ಲ ಅಂತ ನೀನೇ ಹೇಳು ಅಣ್ಣ."

ದೊಡ್ಡಪ್ಪನ ಮುಂದಿನ ಹ್ಞಾಂ ಬರಲೇ ಇಲ್ಲ.

"ನಾಟಿ ಯಾಕೆ ಹೋತು ಅಂತ ನೀನೇ ಹೇಳು. ನಾನು ಹೇಳಿದ್ರೆ ತಮ್ಮ ದೂರು ಹೇಳ್ದ ಅಂತ ಆಗ್ತದೆ."

"ಈಗೇನು? ಹಬ್ಬದ ದಿನ ಜಗಳಕ್ಕೆ ಕರ್ದಿದ್ದಾ?"

"ಜಗಳ ಅಲ್ಲ. ಕಾಲುವೆ ಹಳ್ಳಕ್ಕೆ ತಿರುಗ್ಸು. ಬರೋ ಮಳೆಗೆ ನಾನು ನಾಟಿ ಮಾಡ್ಬೇಕು."

"ನೋಡಾಣ."

"ನೋಡಾಣ ಅಲ್ಲ ಅಣ್ಣ, ತಿರುಗ್ಸು."

ದೊಡ್ಡಪ್ಪ ಹೆಗಲ ಮೇಲಿನ ಟವೆಲು ಕೊಡವಿ ನಡೆದುಬಿಟ್ಟರು. ಹುಣ್ಣಿಮೆಯ ದಿನ ಗದ್ದೆಗೆ ಬಂದು ಉಣ್ಣದೆ ಹೋಗುವುದು ನಮ್ಮಲ್ಲಿ ಹೊಡೆದದ್ದಕ್ಕಿಂತ ಹೆಚ್ಚು. ಎಲ್ಲರೂ ದೊಡ್ಡಮ್ಮನನ್ನು ನೋಡಿದೆವು. ಅವರು ಅಂಚಿನ ಮೇಲೆ ಒಂದು ಕ್ಷಣ ನಿಂತರು. ಸೆರಗು ಸೊಂಟಕ್ಕೆ ಸಿಕ್ಕಿಸಿ ಇಳಿದು ಬಂದು ಎಲೆಯ ಮುಂದೆ ಕೂತರು. "ಅವರು ಹೋಗ್ಲಿ. ನಂಗೆ ಹಸಿವು. ಬಡಿಸೇ" ಅಂದರು.

ಅಪ್ಪ ಗೆದ್ದ ಎಂದು ನಾನು ಅಂದುಕೊಂಡದ್ದು ನನ್ನ ದಡ್ಡತನ. ಚಳಿಗಾಲ ಹೋಯಿತು, ಕಾಲುವೆ ಇದ್ದಲ್ಲೇ ಇತ್ತು. ಬದಲಾದದ್ದು ಅಪ್ಪ. ಒಮ್ಮೆ ಬಾಯಿ ಬಿಟ್ಟವನು ಮತ್ತೆ ಮುಚ್ಚಲೇ ಇಲ್ಲ. ಹಾಲಿನ ಡೈರಿಯಲ್ಲಿ ಕಂಡರೆ, "ಅಣ್ಣ, ಕಾಲುವೆ?" ಇಕ್ಕೇರಿಯ ದೇವಸ್ಥಾನದಲ್ಲಿ ಎದುರಾದರೆ, ಕೈಮುಗಿದುಕೊಂಡೇ, "ಅಣ್ಣ, ಕಾಲುವೆ?" ದನಿ ಏರಿಸುವುದಿಲ್ಲ, ಬೈಯುವುದಿಲ್ಲ. ಸಂಬಂಧಿಕರ ಆರೋಗ್ಯ ವಿಚಾರಿಸುವ ಹಾಗೆ ಕೇಳುತ್ತಾನೆ. ದೊಡ್ಡಪ್ಪ ದಾರಿ ಬದಲಿಸತೊಡಗಿದರು.

ತೀರ್ಥಹಳ್ಳಿಯಲ್ಲಿ ನಮ್ಮ ನೆಂಟರ ಮದುವೆ. ಮೈಕು ನಮ್ಮ ಅಂಗಡಿಯದು, ಮಿಕ್ಸರ್ ಮುಂದೆ ನಾನು. ಹಿರಿಯರೆಂದು ದೊಡ್ಡಪ್ಪನನ್ನು ವೇದಿಕೆಗೆ ಕರೆದು ಎರಡು ಮಾತು ಹೇಳಿ ಅಂದರು. ಅವರು ಅಣ್ಣತಮ್ಮಂದಿರು ಕೂಡಿ ಬಾಳಬೇಕು, ಮನೆಯೆಂದರೆ ಹೊಂದಾಣಿಕೆ ಅಂತೆಲ್ಲ ಹೇಳಿ, ಕಣ್ಣು ತೇವ ಮಾಡಿಕೊಂಡರು. ಕೇಳುತ್ತಿದ್ದ ನನ್ನ ಕಿವಿಯಿಂದ ಹೊಗೆ ಬರುವುದೊಂದು ಬಾಕಿ. ಅಕ್ಷತೆ ಹಾಕಲು ಅಪ್ಪನೂ ಮೇಲೆ ಬಂದು ಪಕ್ಕದಲ್ಲಿ ನಿಂತ. ಮೆಲ್ಲಗೆ, ಅಣ್ಣನಿಗಷ್ಟೇ ಕೇಳುವ ಹಾಗೆ ಬಾಯಿ ತೆರೆದ. ಮೈಕಿನ ದನಿಯ ಗುಂಡಿ ಮೇಲಕ್ಕೆ ಹೋದದ್ದು ನನ್ನ ಬೆರಳಿನಿಂದಲೇ. ಅಕಸ್ಮಾತ್ತಾಗಿ ಅಂತ ಮಾಲೀಕರಿಗೆ ಹೇಳಿದ್ದೇನೆ.

"ಅಣ್ಣ, ಕಾಲುವೆ ಎಲ್ಲಿಗೆ ಬಂತು?"

ಛತ್ರದ ಊಟದ ಮನೆಯಲ್ಲೂ ಸ್ಪೀಕರ್ ಇತ್ತು. ಹೋಳಿಗೆ ಬಡಿಸುತ್ತಿದ್ದವರೂ ನಿಂತರಂತೆ. "ಯಾವ ಕಾಲುವೆ?" ಅಂತ ಹುಡುಗಿಯ ಸೋದರಮಾವ ಕೇಳಿದರು. ಅಪ್ಪ ಬಹಳ ಶಾಂತವಾಗಿ, ಎಲ್ಲಿಂದ ಎಲ್ಲಿಗೆ ಅಂತ ಕೈಯಲ್ಲಿ ತೋರಿಸಿ ವಿವರಿಸಿದ. ನಾನು ಗುಂಡಿ ಇಳಿಸಲಿಲ್ಲ.

ಬೇಸಿಗೆ ಮುಗಿಯುವ ಮೊದಲು ಯಂತ್ರ ಬಂತು. ದೊಡ್ಡಪ್ಪ ಎದುರು ನಿಂತು, ಅಪ್ಪನನ್ನೂ ನನ್ನನ್ನೂ ಬೈಯುತ್ತಲೇ ಕಾಲುವೆಯನ್ನು ಓರೆಯಾಗಿ ಹಳ್ಳಕ್ಕೆ ತಿರುಗಿಸಿದರು. ಒಂದು ಸಾಲು ಸಸಿ ಹೋಯಿತು. ಅವರು ಬೈದದ್ದನ್ನೆಲ್ಲ ಅಮ್ಮನಿಗೆ ಅದೇ ದನಿಯಲ್ಲಿ ಮಾಡಿ ತೋರಿಸೋಣವೆಂದು ಮನೆಗೆ ಓಡಿದರೆ, ಅಪ್ಪ ಗುದ್ದಲಿ ಹಿಡಿದು ನನ್ನ ಏರುಮಡಿಗಳ ಮುಂದೆ ನಿಂತಿದ್ದ.

"ಇವನ್ನ ತೆಗಿ" ಅಂದ. "ನಾಟಿಗೆ ಗದ್ದೆ ಸಮ ಮಾಡ್ಬೇಕು."

"ಯಾವುದನ್ನ?"

"ಎಲ್ಲಾ."

ನನಗೆ ಬಂದ ಸಿಟ್ಟನ್ನು ಇಲ್ಲಿ ಬರೆದರೆ ಅಚ್ಚು ಹಾಕುವವರು ಒಪ್ಪುವುದಿಲ್ಲ. ಆ ಮಣ್ಣನ್ನು ಮಣ್ಣು ಮಾಡಿದವನು ನಾನು! ಎರೆಹುಳು ನನ್ನವು! ಇದೇ ಗದ್ದೆಗಾಗಿ ಊರೆಲ್ಲ ಮಂಗ ಅನ್ನಿಸಿಕೊಂಡವನು ನಾನು! ಅವನು ಎಲ್ಲ ಕೇಳಿಸಿಕೊಂಡ. ನಡುವೆ ಒಂದು ಸಲ, "ತಳ ಒಡ್ದಿದ್ರೆ ಈಗ ನೀರು ನಿಲ್ತಿರಲಿಲ್ಲ ನೋಡು" ಅಂದ, ಉರಿಯುವುದಕ್ಕೆ ಇನ್ನಷ್ಟು ದರಗು ಹಾಕುವ ಹಾಗೆ. ಅಮ್ಮ ಜಗಲಿಯಿಂದ, "ಮುಂದಿನ ಹುಣ್ಣಿಮೆಗೆ ಹರಿವೆ ಎಲ್ಲಿ ಬೆಳೀತೀರಿ, ತಲೆ ಮೇಲಾ?" ಅಂತ ಕೂಗಿದಳು.

ಅಪ್ಪನ ಕೈಯಿಂದ ಗುದ್ದಲಿ ಕಿತ್ತುಕೊಂಡೆ. ತೆಗೆಯಲೇಬೇಕಾದರೆ ನಾನೇ ತೆಗೆಯುತ್ತೇನೆ ಅಂತ ಹತ್ತಿರದ ಮಡಿಯ ಕಲ್ಲಿಗೆ ಹೊಡೆದೆ, ಒಂದು ಉರುಳಿತು. ಎರಡನೆಯ ಏಟಿಗೆ ಗುದ್ದಲಿ ಎತ್ತಿದಾಗ ಅಪ್ಪ ಹಲಗೆಯಿಂದ ಇಳಿದು ಬಂದು ಗುದ್ದಲಿಯ ಕಾವು ಹಿಡಿದುಕೊಂಡ.

"ಅದನ್ನಲ್ಲ ಮಾರಾಯ" ಅಂತ ರೇಗಿದ. "ಕಣ್ಣು ಕಾಣಲ್ವಾ? ಬದನೆ ಇನ್ನೂ ಹೂ ಬಿಡ್ತಾ ಇದೆ."